ಎರಡು ದಿನಕ್ಕೊಂದು ಮಗು

ಕಳೆದ ತಿಂಗಳು ನಮ್ಮ ಜಿಲ್ಲಾ ಪಕ್ಷದ ಅಧ್ಯಯನ ಶಿಬಿರದಲ್ಲಿ ಒಬ್ಬ ತರುಣ ಸಂಗಾತಿ ಎದ್ದು ನಿಂತು, ಕ್ರಾಂತಿಯುದ್ಧದ ಕಾಲದಲ್ಲಿ ಮನೆಮಕ್ಕಳ ಮಾತೆತ್ತುವುದೇ ಮಧ್ಯಮವರ್ಗದ ದೌರ್ಬಲ್ಯ, ತೊಟ್ಟಿಲ ಕಡೆ ತಿರುಗಿ ನೋಡುವವನು ಕೋವಿ ಹಿಡಿಯಲಾರ ಎಂದು ಗುಡುಗಿದರು. ಚಪ್ಪಾಳೆ ಬಿತ್ತು. ತಟ್ಟಿದವರಲ್ಲಿ ಮನೆಯಲ್ಲಿ ಹೆಂಡತಿಗೆ ಹೇಳದೆ ಶಿಬಿರಕ್ಕೆ ಬಂದವರೂ ಇಬ್ಬರು ಮೂವರು ಇದ್ದರೆಂಬುದನ್ನು ಬಲ್ಲೆವು. ಅಲ್ಲಿಯೇ ಉತ್ತರ ಕೊಡಬೇಕಾಗಿತ್ತು. ಊಟದ ಗಂಟೆ ಹೊಡೆಯಿತು, ಎಲ್ಲರೂ ಎದ್ದರು. ಆ ಸಾಲವನ್ನು ಈ ವಾರ ತೀರಿಸುತ್ತಿದ್ದೇವೆ.

ತರುಣ ಮಿತ್ರರು ತಮ್ಮ ಭಾಷಣದಲ್ಲಿ ಅಲ್ಜೀರಿಯದ ಹೆಸರೆತ್ತಿದ್ದರು. ಆದ್ದರಿಂದ ಅಲ್ಜೀರಿಯಕ್ಕೇ ಹೋಗೋಣ. ಅಲ್ಲಿಯ ಜನ ಹೂಡಿದ್ದು ನ್ಯಾಯವಾದ ಯುದ್ಧ. ಇದರಲ್ಲಿ ಎರಡು ಮಾತಿಲ್ಲ. 1830ರಲ್ಲಿ ಫ್ರೆಂಚರು ಕಾಲಿಟ್ಟ ಮೇಲೆ ಒಳ್ಳೆಯ ನೆಲವೆಲ್ಲ ವಲಸೆ ಬಂದ ಯೂರೋಪಿಯನ್ನರ ಪಾಲಾಯಿತು, ರೈತ ಬೆಟ್ಟಕ್ಕೆ ಸರಿದ. 1945ರ ಮೇ 8ರಂದು, ಹಿಟ್ಲರನ ಸೋಲನ್ನು ಲೋಕವೆಲ್ಲ ಆಚರಿಸುತ್ತಿದ್ದ ದಿನವೇ, ಸೆತೀಫಿನಲ್ಲಿ ಸ್ವಾತಂತ್ರ್ಯದ ಬಾವುಟ ಹಿಡಿದವರ ಮೇಲೆ ಗುಂಡು ಹಾರಿತು. ಆಮೇಲಿನ ವಾರಗಳಲ್ಲಿ ಆ ಸೀಮೆಯಲ್ಲಿ ಸಾವಿರಾರು ಜನರನ್ನು ಕೊಂದರು. 1954ರ ನವೆಂಬರ್ 1ರಂದು ರಾಷ್ಟ್ರೀಯ ವಿಮೋಚನಾ ರಂಗ ದಂಗೆಯೆದ್ದಿತು. 1962ರ ಜುಲೈ 5ಕ್ಕೆ ದೇಶ ಸ್ವತಂತ್ರವಾಯಿತು. ಏಳೂವರೆ ವರ್ಷ. ದಂಗೆಯ ದಿನ ಹುಟ್ಟಿದ ಮಗು ಯುದ್ಧ ಮುಗಿದಾಗ ಶಾಲೆಗೆ ಹೋಗುವ ವಯಸ್ಸಿನದು. ಯುದ್ಧವಿಲ್ಲದ ಒಂದು ದಿನವನ್ನು ಅದು ಕಂಡೇ ಇರಲಿಲ್ಲ.

ಆ ಮಗುವಿನ ಮನೆ ಎಂಥದು? ಬೆಟ್ಟದ ಸೀಮೆಯ ಅಲ್ಜೀರಿಯದ ರೈತನ ಮನೆ ನಮ್ಮ ಓದುಗರಿಗೆ ತೀರ ಅಪರಿಚಿತವಾಗಲಾರದು. ಅಜ್ಜ ಇರುವ ತನಕ ಅಣ್ಣತಮ್ಮಂದಿರ ಭೂಮಿ ಒಟ್ಟು, ಒಲೆ ಒಟ್ಟು. ನಡುವೆ ಅಂಗಳ. ಒಂದಿಷ್ಟು ಜವೆಗೋಧಿ, ಅಂಜೂರದ ಮರ, ಆಲಿವ್ ಮರ, ನಾಲ್ಕು ಮೇಕೆ, ಅನುಕೂಲವಿದ್ದರೆ ಒಂದು ಹೇಸರಗತ್ತೆ. ಹೆಂಗಸರು ನೀರಿಗೆ ಊರ ಬುಗ್ಗೆಗೆ ಹೋಗುವರು. ದಾರಿಯಲ್ಲಿ ಸಿಕ್ಕುವವರೆಲ್ಲ ನೆಂಟರೇ ಆದ್ದರಿಂದ ಮುಸುಕಿನ ಗೋಜಿಲ್ಲ. ಎಷ್ಟೋ ಮನೆಗಳಲ್ಲಿ ತಂದೆಯೋ ಚಿಕ್ಕಪ್ಪನೋ ಫ್ರಾನ್ಸಿನ ಕಾರ್ಖಾನೆಯಲ್ಲಿ. ಅವನ ಮನಿಯಾರ್ಡರು ಬಂದರೆ ಅಂಗಡಿ ಸಾಲ ತೀರುವುದು. ಬಡತನವೇನೂ ಕಡಿಮೆಯಿರಲಿಲ್ಲ, ಅದನ್ನು ಹಾಡಿ ಹೊಗಳುವುದು ನಮ್ಮ ಕೆಲಸವಲ್ಲ. ಆದರೆ ಮಗುವಿಗೆ ಮೇಕೆಯ ಹಾಲಿತ್ತು. ತಾಯಿ ಜ್ವರದಲ್ಲಿ ಮಲಗಿದರೆ ಎತ್ತಿಕೊಳ್ಳಲು ಅಜ್ಜಿ, ದೊಡ್ಡಮ್ಮ, ಚಿಕ್ಕಮ್ಮ ಇದ್ದರು.

ಯುದ್ಧ ಈ ಮನೆಗೆ ಹಗಲೊಂದು ವೇಷದಲ್ಲಿ ರಾತ್ರಿಯೊಂದು ವೇಷದಲ್ಲಿ ಬಂತು. ರಾತ್ರಿ ಬಂಡಾಯದವರು ಬಂದು ವಂತಿಗೆ, ಊಟ, ಒಂದು ರಾತ್ರಿಯ ಆಸರೆ ಕೇಳುವರು. ಹಗಲು ಸೈನಿಕರು ಬಂದು ರಾತ್ರಿ ಬಂದವರು ಯಾರು ಎಂದು ಕೇಳುವರು. ಕೊಡದಿದ್ದರೆ ದ್ರೋಹಿ, ಕೊಟ್ಟರೆ ಅಪರಾಧಿ. ತನ್ನ ಕಣ್ಣಿಗೆ ಎಲ್ಲವನ್ನೂ ಬಲ್ಲವನಾಗಿದ್ದ ಅಪ್ಪ ಉತ್ತರ ತೋಚದೆ ಬಾಗಿಲಲ್ಲಿ ನಿಂತಿರುವುದನ್ನು ಮಗು ಮೂಲೆಯಿಂದ ನೋಡುತ್ತದೆ.

ಗೆರಿಲ್ಲಾ ಸೈನಿಕ ಜನರ ನಡುವೆ ನೀರಿನೊಳಗಣ ಮೀನಿನಂತಿರಬೇಕೆಂಬ ಮಾವೋನ ಪಾಠವನ್ನು ಫ್ರೆಂಚ್ ಸೇನಾಧಿಕಾರಿಗಳು ಇಂಡೋಚೀನದಲ್ಲಿ ಸೋತು ಕಲಿತು ಬಂದಿದ್ದರು. ಮೀನು ಸಿಗದಿದ್ದರೆ ಕೆರೆಯ ಏರಿಯನ್ನೇ ಒಡೆದುಬಿಡೋಣ ಎಂದರು. ಔರೆಸ್ ಬೆಟ್ಟಗಳಲ್ಲಿ ಮೊದಲಾಗಿ 1957ರಿಂದ ದೇಶದ ಉದ್ದಗಲಕ್ಕೆ ಹಬ್ಬಿದ ಪದ್ಧತಿ ಇದು: ಒಂದು ಬೆಟ್ಟದ ಸೀಮೆಯನ್ನೇ ನಿಷಿದ್ಧ ವಲಯವೆಂದು ಸಾರುವುದು, ಅಲ್ಲಿಯ ಹಳ್ಳಿಗಳನ್ನು ಎಬ್ಬಿಸಿ ಜನರನ್ನು ಮುಳ್ಳುತಂತಿಯ ಬೇಲಿಯೊಳಗೆ ಕಾವಲುಗೋಪುರದ ಕೆಳಗೆ ಕೂಡಿಹಾಕುವುದು, ಬಂಡಾಯದವರಿಗೆ ಆಸರೆಯಾಗದಂತೆ ಬಿಟ್ಟ ಮನೆಗಳನ್ನು ಸುಡುವುದು, ಕೆಡವುವುದು, ಆಮೇಲೆ ಆ ವಲಯದಲ್ಲಿ ಕಂಡವರನ್ನು ಗುಂಡಿಕ್ಕುವುದು. 1960ರಲ್ಲಿ ಹೀಗೆ ಕೂಡಿಹಾಕಲ್ಪಟ್ಟವರು 21 ಲಕ್ಷ 57 ಸಾವಿರ. ದೇಶದ ಜನಸಂಖ್ಯೆಯ ನಾಲ್ಕನೆಯ ಒಂದು ಪಾಲು. ಇದು ಬಂಡಾಯಗಾರರ ಪ್ರಚಾರದ ಅಂಕಿಯಲ್ಲ. ಆ ಶಿಬಿರಗಳಲ್ಲಿ ಓಡಾಡಿ ವಿಚಾರಿಸಿದ ಪಿಯೇರ್ ಬೋರ್ದಿಯೂ ಮತ್ತು ಅಬ್ದೆಲ್‌ಮಾಲೆಕ್ ಸಯಾದ್ ಎಂಬ ಇಬ್ಬರು ಸಮಾಜಶಾಸ್ತ್ರಜ್ಞರು 1964ರ ತಮ್ಮ ಪುಸ್ತಕದಲ್ಲಿ ಕೊಟ್ಟದ್ದು.

ಬೇಲಿಯೊಳಗಿನ ಸಂಸಾರವನ್ನು ನೋಡಿ. ದಾರ ಹಿಡಿದು ಎಳೆದಂತೆ ಸಾಲುಸಾಲು ಗುಡಿಸಲು, ಗುಡಾರ. ಅಂಗಳವಿಲ್ಲ. ಗಂಡಹೆಂಡಿರಿಗೆ ಒಂದೊಂದು ಬಿಡಾರ, ಬಿಡಾರಕ್ಕೊಂದು ರೇಷನ್ನು. ಹೀಗಾಗಿ ಅಜ್ಜನ ಕಾಲದ ಒಟ್ಟು ಒಲೆ ಯಾವ ಜಗಳವೂ ಇಲ್ಲದೆ, ಪಾಲುಪಟ್ಟಿಯೂ ಇಲ್ಲದೆ ಒಡೆಯಿತು. ಹೊಲ ದೂರ, ಹೋಗಲು ಅಪ್ಪಣೆ ಬೇಕು, ಕತ್ತಲಾಗುವ ಮುಂಚೆ ಹಿಂದಿರುಗಬೇಕು, ಎಷ್ಟೋ ಕಡೆ ಹೊಲವೇ ನಿಷಿದ್ಧ ವಲಯದೊಳಕ್ಕೆ ಹೋಯಿತು. ಮೇಯಲು ಜಾಗವಿಲ್ಲದೆ ಮೇಕೆ ಹೋದವು. ಮೇಕೆಯೊಡನೆ ಹಾಲು ಹೋಯಿತು. ರೈತನಾಗಿದ್ದ ಅಪ್ಪ ಕೂಲಿಯೂ ಅಲ್ಲದೆ ರೈತನೂ ಅಲ್ಲದೆ ಹಿಟ್ಟಿನ ಸಾಲಿನಲ್ಲಿ ನಿಂತ. ಎಲ್ಲೋ ನಾಲ್ಕು ಕಾಸಿನ ಕೆಲಸ ಹಿಡಿದ ಮಗನ ಮುಂದೆ ಅವನು ಕೈಯೊಡ್ಡುವ ಕಾಲ ಬಂತು. ತಾಯಿಯ ಪಾಡು ಇನ್ನೊಂದು ಬಗೆ: ಸುತ್ತಲೂ ಕಂಡರಿಯದ ಜನ, ಬೇರೆ ಕುಲದವರು, ಕೋವಿ ಹಿಡಿದ ಪರದೇಶಿಗಳು. ಬುಗ್ಗೆಗೆ ತಲೆಯೆತ್ತಿ ಹೋಗುತ್ತಿದ್ದವಳು ಈಗ ಮುಸುಕು ಹೊದೆಯಬೇಕಾಯಿತು. 1958ರ ಮೇ ತಿಂಗಳಲ್ಲಿ ಅಲ್ಜಿಯರ್ಸಿನ ಬೀದಿಯಲ್ಲಿ ಹೆಂಗಸರ ಮುಸುಕು ತೆಗೆಸುವ ಉತ್ಸವ ನಡೆಸಿ ಫೋಟೋ ಹಿಡಿಸಿಕೊಂಡ ಸೈನ್ಯವೇ ಹಳ್ಳಿಗಾಡಿನಲ್ಲಿ ಮುಸುಕು ಹಂಚಿತು! ನಾಗರಿಕತೆಯನ್ನು ಹಬ್ಬಿಸುವುದೆಂದರೆ ಇದೇ ಇರಬೇಕು.

ಇನ್ನು ಮಗು. 1959ರ ಫೆಬ್ರವರಿಯಲ್ಲಿ ಮಿಶೆಲ್ ರೊಕಾರ್ ಎಂಬ 28 ವರ್ಷದ ಹಣಕಾಸು ಇಲಾಖೆಯ ಇನ್ಸ್‌ಪೆಕ್ಟರು ಈ ಶಿಬಿರಗಳನ್ನು ಸುತ್ತಿ ನೋಡಿ, ಅಲ್ಜೀರಿಯದ ಫ್ರೆಂಚ್ ಆಡಳಿತದ ಮುಖ್ಯಸ್ಥ ಪಾಲ್ ದೆಲೂವ್ರಿಯೇಗೆ ವರದಿ ಒಪ್ಪಿಸಿದರು. ಗುಮಾಸ್ತೆಯ ಭಾಷೆಯ ವರದಿ, ಆವೇಶವಿಲ್ಲ, ಕಣ್ಣೀರಿಲ್ಲ. ಆಗಲೇ ಹತ್ತು ಲಕ್ಷ ಜನರನ್ನು ಎಬ್ಬಿಸಿಯಾಗಿತ್ತು. ಒಂದೆಡೆ ಜನರ ಮೈ ಎಷ್ಟು ಬಡಕಲಾಗಿತ್ತೆಂದರೆ ಕೊಟ್ಟ ಔಷಧವೂ ಹತ್ತುತ್ತಿಲ್ಲವೆಂದು ವೈದ್ಯರು ಬರೆದದ್ದನ್ನು ರೊಕಾರ್ ಉದ್ಧರಿಸಿದ್ದರು. ಅವರು ಕಂಡ ವಾಡಿಕೆ ಹೀಗಿತ್ತು: ಸಾವಿರ ಜನರಿರುವ ಶಿಬಿರದಲ್ಲಿ ಸುಮಾರು ಎರಡು ದಿನಕ್ಕೆ ಒಂದು ಮಗು ಸಾಯುತ್ತದೆ.

ಈ ಲೆಕ್ಕವನ್ನು ನಮ್ಮ ತಾಲ್ಲೂಕಿನ ಸಾವಿರ ಜನರ ಒಂದು ಹಳ್ಳಿಗೆ ಹಾಕಿ ನೋಡಿ. ಇಂದು ಹರಿಜನ ಕೇರಿಯಿಂದ ಒಂದು ಹೆಣ, ನಾಡಿದ್ದು ಮೇಲಿನ ಕೇರಿಯಿಂದ ಒಂದು, ಆಚೆ ನಾಡಿದ್ದು ಮತ್ತೊಂದು. ಅದೇ ಗತಿ ಒಂದು ವರ್ಷ ನಡೆದರೆ 180ಕ್ಕೂ ಮಿಕ್ಕಿ ಮಕ್ಕಳು. ಆ ಊರಿನ ಶಾಲೆಯ ಮೇಷ್ಟರು ಹಾಜರಿ ಪುಸ್ತಕದಲ್ಲಿ ಯಾರ ಹೆಸರು ಕೂಗುವುದು? ಗುಂಡು ತಗುಲಿ ಸತ್ತ ಮಕ್ಕಳಲ್ಲ ಇವು. ಹಾಲಿಲ್ಲದೆ, ಬೆಚ್ಚನೆ ಜಾಗವಿಲ್ಲದೆ, ಅಜ್ಜಿಯ ಮಡಿಲಿಲ್ಲದೆ ಸತ್ತವು. ಎಂದರೆ ಮನೆ ಮುರಿದದ್ದರಿಂದ ಸತ್ತವು.

ವರದಿ ಏಪ್ರಿಲಿನಲ್ಲಿ ಪ್ಯಾರಿಸಿನ ಪತ್ರಿಕೆಗಳ ಕೈಸೇರಿತು, ಗದ್ದಲವಾಯಿತು. ತನ್ನ ಅಪ್ಪಣೆಯಿಲ್ಲದೆ ಹೊಸ ಶಿಬಿರ ಕೂಡದೆಂದು ದೆಲೂವ್ರಿಯೇ ಅದಕ್ಕೂ ಮೊದಲೇ ಆಜ್ಞೆ ಹೊರಡಿಸಿದ್ದ. ಆಜ್ಞೆಯ ಫಲ ಏನಾಯಿತೆಂದು ಮೇಲೆ ಕೊಟ್ಟ ಅಂಕಿಗಳೇ ಹೇಳುತ್ತವೆ. ಹತ್ತು ಲಕ್ಷ ಮರುವರ್ಷಕ್ಕೆ ಇಪ್ಪತ್ತೊಂದು ಲಕ್ಷವಾಯಿತು.

ಈಗ ಕಹಿ ಮಾತಿಗೆ ಬರೋಣ. ಈ ಯಂತ್ರಕ್ಕೆ ಕೀಲಿ ಕೊಟ್ಟವರು ಯಾರು? ಬಂಡವಾಳಶಾಹಿ ಸೇನಾಪತಿಗಳು ಎಂದು ಬರೆದು ಕೈ ತೊಳೆದುಕೊಳ್ಳಲು ನಮಗೂ ಇಷ್ಟವೇ. ಆದರೆ 1956ರ ಜನವರಿಯ ಚುನಾವಣೆಯಲ್ಲಿ ಶಾಂತಿಯ ಮಾತು ಹೇಳಿ ಓಟು ಪಡೆದು ಪ್ರಧಾನಿಯಾದ ಗೀ ಮೊಲ್ಲೆ ಫ್ರೆಂಚ್ ಸಮಾಜವಾದಿ ಪಕ್ಷದ ಪ್ರಧಾನ ಕಾರ್ಯದರ್ಶಿ. ಫೆಬ್ರವರಿ 6ರಂದು ಆತ ಅಲ್ಜಿಯರ್ಸಿಗೆ ಹೋದಾಗ ವಲಸೆಗಾರ ಯೂರೋಪಿಯನ್ನರು ಟೊಮೇಟೊ ಹಣ್ಣಿನಲ್ಲಿ ಹೊಡೆದರು. ಅಷ್ಟಕ್ಕೇ ಮಹಾಶಯನ ಸಮಾಜವಾದ ಬೆನ್ನು ತೋರಿಸಿತು. ಅಲ್ಜೀರಿಯದ ಮಂತ್ರಿಯಾಗಿ ತಾನು ಆರಿಸಿದ್ದವನನ್ನು ಬಿಟ್ಟು ರೊಬೇರ್ ಲಾಕೋಸ್ತನನ್ನು ಕಳುಹಿಸಿದ, ಇವನೂ ಸಮಾಜವಾದಿಯೇ. ಮಾರ್ಚಿಯಲ್ಲಿ ಪಾರ್ಲಿಮೆಂಟು 455 ಓಟುಗಳಿಂದ, 76 ವಿರೋಧದ ನಡುವೆ, ಸರ್ಕಾರಕ್ಕೆ ವಿಶೇಷಾಧಿಕಾರ ಕೊಟ್ಟಿತು. ವಲಯ ಮುಚ್ಚುವ, ಜನರನ್ನು ಇಂಥಲ್ಲೇ ಇರಬೇಕೆಂದು ಕಟ್ಟಿಹಾಕುವ ಕಾನೂನಿನ ಬಲವೆಲ್ಲ ಅಲ್ಲಿಂದ ಬಂದದ್ದು. ಕಮ್ಯೂನಿಸ್ಟರೂ ಕೈಯೆತ್ತಿದ್ದರು, ಆದ್ದರಿಂದ ನಮ್ಮ ಊರಿನ ಕಮ್ಯೂನಿಸ್ಟ್ ಮಿತ್ರರು ಈ ಲೇಖನ ಓದಿ ನಗಬೇಕಾಗಿಲ್ಲ. 1957ರ ಜನವರಿಯಲ್ಲಿ ಅಲ್ಜಿಯರ್ಸ್ ನಗರದ ಪೋಲೀಸ್ ಅಧಿಕಾರವನ್ನು ಪ್ಯಾರಾಚೂಟ್ ಪಡೆಗೆ ಒಪ್ಪಿಸಿದ್ದೂ ಇದೇ ಸರ್ಕಾರ. ಆ ನಗರದ ಪೋಲೀಸ್ ಕಾರ್ಯದರ್ಶಿ ಪಾಲ್ ತೈತ್‌ಜೆನ್ ರಾಜೀನಾಮೆ ಕೊಟ್ಟು ಹೊರಬಂದರು. ಹಿಡಿದೊಯ್ದು ಪತ್ತೆಯಿಲ್ಲದಂತಾದವರ ಅವರ ಲೆಕ್ಕ 3,024. ಅಷ್ಟು ಮನೆಗಳಲ್ಲಿ ಅಪ್ಪ ಎಲ್ಲಿ ಎಂಬ ಪ್ರಶ್ನೆಗೆ ತಾಯಂದಿರು ಏನು ಹೇಳಿರಬೇಕು?

ಒಬ್ಬ ಅಪ್ಪನ ಹೆಸರನ್ನು ಮಾತ್ರ ಲೋಕ ಬಲ್ಲದು. ಮೋರಿಸ್ ಒದಾನ್, ಗಣಿತದ ಅಧ್ಯಾಪಕ, ಕಮ್ಯೂನಿಸ್ಟ್. 1957ರ ಜೂನ್ 11ರಂದು ಹೆಂಡತಿ ಮತ್ತು ಮೂರು ಎಳೆಯ ಮಕ್ಕಳ ಎದುರಿನಿಂದ ಅವನನ್ನು ಸೈನಿಕರು ಕರೆದೊಯ್ದರು. ತಪ್ಪಿಸಿಕೊಂಡು ಓಡಿಹೋದನೆಂದು ಸರ್ಕಾರ ಸಾಧಿಸಿತು. 2018ರ ಸೆಪ್ಟೆಂಬರಿನಲ್ಲಿ ಫ್ರಾನ್ಸಿನ ಅಧ್ಯಕ್ಷರು ಆ ವಿಧವೆಯ ಮನೆಗೆ ಹೋಗಿ, ಚಿತ್ರಹಿಂಸೆಯಿಂದಲೋ ಅದರ ಬಳಿಕ ಕೊಂದದ್ದರಿಂದಲೋ ಆತ ಸತ್ತನೆಂದೂ ಹೊಣೆ ರಾಜ್ಯದ್ದೆಂದೂ ಒಪ್ಪಿಕೊಂಡರು. 61 ವರ್ಷ! ಒದಾನ್ ಫ್ರೆಂಚನಾಗಿದ್ದ, ವಿದ್ವಾಂಸನಾಗಿದ್ದ. ಔರೆಸಿನ ಕುರುಬನ ಮಗನ ಮನೆಗೆ ಯಾವ ಅಧ್ಯಕ್ಷನೂ ಹೋಗಲಿಲ್ಲ.

ರೊಕಾರ್ ಕೂಡ ಮೊಲ್ಲೆಯ ಪಕ್ಷದಲ್ಲಿದ್ದವರೇ. 1958ರಲ್ಲಿ ಅದನ್ನು ಬಿಟ್ಟು ಹೊರನಡೆದಿದ್ದರು. ಬೆಂಕಿಯಿಟ್ಟವನೂ ಬೂದಿಯನ್ನು ಎಣಿಸಿದವನೂ ಒಂದೇ ಮನೆಯವರು. ಪಕ್ಷದ ಶಿಸ್ತು ಶಿಸ್ತು ಎಂದು ಬಡಿದುಕೊಳ್ಳುವ ನಮ್ಮ ಮುಖಂಡರು ಇದನ್ನು ಸ್ವಲ್ಪ ಯೋಚಿಸಲಿ. ಶಿಸ್ತಿನವರು ಕೈಯೆತ್ತಿದರು. ಶಿಸ್ತು ಮುರಿದವನು ಮಕ್ಕಳ ಲೆಕ್ಕ ಬರೆದ.

ಶಿಬಿರಗಳಲ್ಲಿ ಶಾಲೆ ತೆರೆದರಲ್ಲ, ದವಾಖಾನೆ ಹಾಕಿದರಲ್ಲ ಎಂದು ವಾದಿಸುವವರುಂಟು. ಹೌದು, ಕೆಲವೆಡೆ ತೆರೆದರು. ಸೈನಿಕರೇ ಪಾಠ ಹೇಳಿದರು. ಈ ಶಿಬಿರಗಳನ್ನೇ ಮಾದರಿ ಗ್ರಾಮಗಳಾಗಿ ಮಾಡುವ ‘ಸಾವಿರ ಹಳ್ಳಿ’ಗಳ ಯೋಜನೆಯನ್ನೂ ಸಾರಿದರು. ಮನೆ ಸುಟ್ಟವನು ಸ್ಲೇಟು ಬಳಪ ತಂದುಕೊಟ್ಟರೆ ಕೃತಜ್ಞತೆ ಹೇಳಬೇಕೇ? ಮನೆ ಉಳಿಸಿ ಶಾಲೆ ಕಟ್ಟಲು ಅವರಿಗೆ 1830ರಿಂದ ನೂರಿಪ್ಪತ್ತು ವರ್ಷ ಅವಕಾಶವಿತ್ತು.

ಇಷ್ಟು ಹೇಳಿದ ಮೇಲೆ ನಮ್ಮ ತರುಣ ಮಿತ್ರರು, ನೋಡಿ, ಶತ್ರು ಇಂಥವನಾದ್ದರಿಂದಲೇ ತೊಟ್ಟಿಲ ಕಡೆ ನೋಡಬಾರದು ಎಂದಾರು. ಇಲ್ಲಿಯೇ ನಮಗೂ ಅವರಿಗೂ ಭೇದ. 1956ರ ಆಗಸ್ಟ್ 10ರಂದು ಯೂರೋಪಿಯನ್ ಉಗ್ರರು ಅಲ್ಜಿಯರ್ಸಿನ ಕಸ್ಬಾ ಕೇರಿಯ ತೆಬ್ ಬೀದಿಯಲ್ಲಿ ಬಾಂಬಿಟ್ಟು ಮಲಗಿದ್ದ ಸಂಸಾರಗಳನ್ನು ಕೊಂದರು. ಉತ್ತರವಾಗಿ ಸೆಪ್ಟೆಂಬರ್ 30ರಂದು ವಿಮೋಚನಾ ರಂಗ ಮಿಲ್ಕ್ ಬಾರ್ ಎಂಬ ಐಸ್‌ಕ್ರೀಮ್ ಅಂಗಡಿಯಲ್ಲಿ ಬಾಂಬಿಟ್ಟಿತು. ಅಜ್ಜಿಯ ಜೊತೆ ಬಂದಿದ್ದ 5 ವರ್ಷದ ಹುಡುಗಿಯ ಕಾಲು ಹೋಯಿತು, ಅಜ್ಜಿ ಸತ್ತಳು. ಈ ಎರಡನೆಯದನ್ನು ಮೊದಲನೆಯದು ವಿವರಿಸುತ್ತದೆ. ನಿರ್ದೋಷಿ ಮಾಡುತ್ತದೆಯೇ? ಇಲ್ಲ.

ಇನ್ನು ನಮ್ಮ ಮಿತ್ರರು ಭಾಷಣದಲ್ಲಿ ಹೊಗಳಿದ ಪುಟ್ಟ ಒಮರ್. ಬಂಡಾಯದ ನಾಯಕ ಸಾದಿ ಯಾಸೆಫನ ಸೋದರಸಂಬಂಧದ ಹುಡುಗ. ಕಸ್ಬಾದ ಓಣಿಗಳಲ್ಲಿ ಚೀಟಿ ಒಯ್ಯುತ್ತಿದ್ದ. 1957ರ ಅಕ್ಟೋಬರ್ 8ರಂದು ಅಲಿ ಲಾ ಪ್ವಾಂತ್, ಹಸೀಬಾ ಬೆನ್ ಬುವಾಲಿ ಮೊದಲಾದವರೊಡನೆ ಅಡಗಿದ್ದ ಮನೆಯನ್ನು ಪ್ಯಾರಾಚೂಟ್ ಪಡೆ ಸಿಡಿಸಿದಾಗ ಸತ್ತ. 13 ವರ್ಷ. ಕೊಂದವರ ಪಾಪ ಕೊಂದವರಿಗೇ ಇರಲಿ. ಆದರೆ ಗಡ್ಡಮೀಸೆಯವರು ಹೊರಬೇಕಾದ ಚೀಟಿಯನ್ನು ಹುಡುಗನ ಅಂಗಿಯ ಜೇಬಿನಲ್ಲಿಟ್ಟವರು ಯಾರೆಂದು ಕೇಳುವುದು ದ್ರೋಹವೆಂದು ನಮಗೆ ತೋರುವುದಿಲ್ಲ. ಮಗುವನ್ನು ಹುತಾತ್ಮನೆಂದು ಕರೆದು ಭಿತ್ತಿಪತ್ರಕ್ಕೇರಿಸುವುದು ಸುಲಭ. ಭಿತ್ತಿಪತ್ರದ ಮಗು ಊಟ ಕೇಳುವುದಿಲ್ಲ.

ಮನಸ್ಸಿನ ವೈದ್ಯರಾಗಿ ಆ ಯುದ್ಧವನ್ನು ಒಳಗಿನಿಂದ ಕಂಡ ಫ್ರಾಂಟ್ಸ್ ಫ್ಯಾನನ್ 1961ರ ತಮ್ಮ ಪುಸ್ತಕದಲ್ಲಿ 13 ಮತ್ತು 14 ವರ್ಷದ ಇಬ್ಬರು ಅಲ್ಜೀರಿಯದ ಹುಡುಗರ ವಿಷಯ ಬರೆದಿದ್ದಾರೆ. ತಮ್ಮೊಡನೆ ಆಡುತ್ತಿದ್ದ ಯೂರೋಪಿಯನ್ ಗೆಳೆಯನನ್ನು ಅವರು ಕೊಂದರು. ಜಗಳವಿರಲಿಲ್ಲ. ದೊಡ್ಡವರನ್ನು ಕೊಲ್ಲಲು ತಮಗೆ ಶಕ್ತಿಯಿರಲಿಲ್ಲ, ಇವನು ತಮ್ಮ ವಯಸ್ಸಿನವನಾದ್ದರಿಂದ ಸಾಧ್ಯವಾಯಿತು, ಅಷ್ಟೇ. ಫ್ಯಾನನ್ ವಿಮೋಚನಾ ರಂಗದ ಪಕ್ಷಪಾತಿ; ಆದರೂ ಇದನ್ನು ಮುಚ್ಚಿಡಲಿಲ್ಲ. ಅದೇ ವರ್ಷ ಟ್ಯುನೀಸಿಯಕ್ಕೆ ಓಡಿಬಂದಿದ್ದ ಮಕ್ಕಳು ಬಿಡಿಸಿದ ಚಿತ್ರಗಳಿಂದ ‘ನನಗೆ ಎಂಟು ವರ್ಷ’ ಎಂಬ ಪುಟ್ಟ ಸಿನಿಮಾ ಒಂದನ್ನು ಮಾಡಿದರು. ಸೈನಿಕರು, ಉರಿಯುವ ಮನೆ, ನೆಲಕ್ಕೆ ಬಿದ್ದವರು. ಫ್ರಾನ್ಸಿನಲ್ಲಿ ಅದನ್ನು ನಿಷೇಧಿಸಿದರು. ಎಂಟು ವರ್ಷದ ಮಗುವಿನ ಬಣ್ಣದ ಕಡ್ಡಿಗೆ ಐದು ಲಕ್ಷ ಸೈನ್ಯದ ಸರ್ಕಾರ ಹೆದರಿತು.

ಫ್ಯಾನನ್ನರದೇ ಇನ್ನೊಂದು ವಾದದ ಮೇಲೆ ನಮಗೆ ತಕರಾರಿದೆ. ಯುದ್ಧದ ಬೆಂಕಿಯಲ್ಲಿ ಹಳೆಯ ಕುಟುಂಬ ಕರಗಿ ಹೊಸದು ಎರಕಗೊಳ್ಳುತ್ತದೆ, ತಂದೆಯ ಯಜಮಾನಿಕೆ ಸಡಿಲಿ ಮಗಳು ತಲೆಯೆತ್ತುತ್ತಾಳೆ ಎಂದು 1959ರಲ್ಲಿ ಅವರು ಬರೆದರು. ಕೆಲವು ಕಾಲ ನಿಜವೂ ಆಯಿತು. ಅಪ್ಪನ ಅಪ್ಪಣೆ ಕೇಳದೆ ಹುಡುಗಿಯರು ಬೆಟ್ಟ ಹತ್ತಿದರು, ಸೆರೆಮನೆ ಕಂಡರು. ಆದರೆ ಎರಕ ಹೊಯ್ಯಲು ಅಚ್ಚು ಬೇಕು. ಅಚ್ಚು ಯಾರೂ ಮಾಡಿರಲಿಲ್ಲ. ಸ್ವತಂತ್ರ ಅಲ್ಜೀರಿಯದ ಒಂದೇ ಪಕ್ಷದ ಪಾರ್ಲಿಮೆಂಟು 1984ರ ಜೂನಿನಲ್ಲಿ ಕುಟುಂಬ ಸಂಹಿತೆಯನ್ನು ಅಂಗೀಕರಿಸಿತು: ಹೆಂಗಸಿನ ಮದುವೆಗೆ ಗಂಡಸು ಪೋಷಕನಿರಬೇಕು, ಹೆಂಡತಿ ಗಂಡನ ಮಾತು ಕೇಳತಕ್ಕದ್ದು. ಸ್ವಾತಂತ್ರ್ಯಕ್ಕಾಗಿ ಮರಣದಂಡನೆಯ ತೀರ್ಪನ್ನು ಕೇಳಿಸಿಕೊಂಡಿದ್ದ ಜಮೀಲಾ ಬೂಹಿರೆದ್ ಅಂಥವರು ಇದರ ವಿರುದ್ಧ ಬೀದಿಗಿಳಿಯಬೇಕಾಯಿತು. ವಿಧೇಯತೆಯ ಆ ಕಲಮನ್ನು ತೆಗೆಯಲು 2005ರವರೆಗೆ ಕಾಯಬೇಕಾಯಿತು. ಮನೆಯ ಪ್ರಶ್ನೆಯನ್ನು ಕ್ರಾಂತಿಯಾದ ಮೇಲೆ ನೋಡಿಕೊಳ್ಳೋಣ ಎಂದು ಮುಂದಕ್ಕೆ ಹಾಕಿದವರು ನೋಡಿಕೊಂಡ ರೀತಿ ಇದು. ತಂದೆಯನ್ನು ಹಿಟ್ಟಿನ ಸಾಲಿನಲ್ಲಿ ನಿಲ್ಲಿಸಿದ ಅವಮಾನ ಕ್ರಾಂತಿಯಿಂದ ತೊಳೆಯಲಿಲ್ಲ. ಯುದ್ಧ ಮುಗಿದ ಮೇಲೆ ಅದು ಮಗಳ ಮೇಲೆ ಇಳಿಯಿತು.

ಫ್ರೆಂಚರ ಪರ ಕೋವಿ ಹಿಡಿದ ಅಲ್ಜೀರಿಯನ್ನರು, ಹಾರ್ಕಿಗಳು, ಅವರ ಮಕ್ಕಳ ಕಥೆ ಬೇರೆ ಲೇಖನಕ್ಕೆ ತಕ್ಕದ್ದು. 1962ರಲ್ಲಿ ಅವರಲ್ಲಿ ಬಹಳ ಮಂದಿಯನ್ನು ಗೆದ್ದವರು ಕೊಂದರು. ಓಡಿಹೋದವರನ್ನು ಫ್ರಾನ್ಸು ಮತ್ತೆ ಬೇಲಿಯೊಳಕ್ಕೇ ಹಾಕಿತು. ಬಿಯಾಸ್ ಎಂಬಲ್ಲಿಯ ಶಿಬಿರ 1975ರವರೆಗೆ ನಡೆಯಿತು. ಅಲ್ಲಿಯ ಬಾಳು ಮನುಷ್ಯಘನತೆಗೆ ತಕ್ಕುದಾಗಿರಲಿಲ್ಲವೆಂದು ಯೂರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2024ರ ಏಪ್ರಿಲಿನಲ್ಲಿ ತೀರ್ಪು ಕೊಟ್ಟಿತು. ದೂರು ಕೊಟ್ಟವರು ಅಲ್ಲಿ ಬೆಳೆದ ಮಕ್ಕಳು, ಈಗ ಮುದುಕರು. ಅಪ್ಪ ಯಾವ ಕಡೆಯವನೆಂದು ಮಗು ಆರಿಸಿಕೊಂಡು ಹುಟ್ಟುತ್ತದೆಯೇ?

ಇದೆಲ್ಲ ಕಡಲಾಚೆಯ ಮಾತೆಂದು ಪತ್ರಿಕೆ ಮಡಿಸಿಡಬೇಡಿ. ಜನರನ್ನು ಬೇಲಿಯೊಳಗೆ ಕೂಡಿಹಾಕುವ ವಿದ್ಯೆ ಫ್ರೆಂಚರೊಬ್ಬರದೇ ಅಲ್ಲ. ಮಲಯದಲ್ಲಿ 1950ರಿಂದ ಸುಮಾರು ಐದು ಲಕ್ಷ ಜನರನ್ನು ಹೀಗೆಯೇ ‘ಹೊಸ ಹಳ್ಳಿ’ಗಳಿಗೆ ಅಟ್ಟುವುದನ್ನು ಆರಂಭಿಸಿದಾಗ ಲಂಡನ್ನಿನಲ್ಲಿ ಇದ್ದದ್ದು ಅಟ್ಲಿಯ ಲೇಬರ್ ಸರ್ಕಾರ, ಮತ್ತೆ ನಮ್ಮ ಸಂಗಾತಿಗಳೇ. ಮಲಯದ ಆ ಪಾಠವನ್ನು ದಿಲ್ಲಿಯೂ ಕಲಿಯಿತು. 1966ರಲ್ಲಿ ಮಿಜೋ ಬೆಟ್ಟಗಳಲ್ಲಿ ಬಂಡಾಯವೆದ್ದಾಗ, 1967ರ ಜನವರಿಯಿಂದ ಐನೂರಕ್ಕೂ ಹೆಚ್ಚು ಹಳ್ಳಿಗಳನ್ನು ಎಬ್ಬಿಸಿ ನೂರಹತ್ತರಷ್ಟು ಕೇಂದ್ರಗಳಲ್ಲಿ ಜನರನ್ನು ತುರುಕಿದರು. ‘ರಕ್ಷಿತ ಮತ್ತು ಪ್ರಗತಿಶೀಲ ಗ್ರಾಮ’ ಎಂದು ನಾಮಕರಣ ಮಾಡಿದರು. ಕುಮರಿ ಬೇಸಾಯದ ಜನ ಬೆಟ್ಟಕ್ಕೆ ಹೋಗಲಾರದೆ ಸರ್ಕಾರದ ಅಕ್ಕಿಗೆ ಕೈಯೊಡ್ಡಿದರು. ಗುರುತು ಚೀಟಿ, ಕರ್ಫ್ಯೂ, ಬೇಲಿ. ಸ್ವತಂತ್ರ ಭಾರತದ ಸೈನ್ಯ, ಚುನಾಯಿತ ಸರ್ಕಾರ. ನಮ್ಮ ಮಕ್ಕಳ ಪಠ್ಯಪುಸ್ತಕದಲ್ಲಿ ಇದರ ಒಂದು ಸಾಲನ್ನು ನಾವು ಕಂಡಿಲ್ಲ; ನಮ್ಮ ಪಕ್ಷದ ಶಿಬಿರಗಳ ಪಾಠಪಟ್ಟಿಯಲ್ಲೂ ಇಲ್ಲ. ಮೊಲ್ಲೆಯನ್ನು ಬೈಯುವ ಹಕ್ಕು ಬೇಕಾದರೆ ಇದನ್ನು ಮೊದಲು ಸೇರಿಸಬೇಕು.

ಮುಂದಿನ ಶಿಬಿರದ ಕಾರ್ಯಕ್ರಮ ಇನ್ನೂ ಅಚ್ಚಾಗಿಲ್ಲ. ಬೆಳಗಿನ ಮೊದಲ ಗಂಟೆಯನ್ನು ರೊಕಾರ್ ವರದಿಗೂ ಎರಡನೆಯದನ್ನು ಮಿಜೋ ಬೆಟ್ಟಗಳಿಗೂ ಕೊಡಬೇಕೆಂದು ಸಂಚಾಲಕರಿಗೆ ಬರೆದು ಹಾಕಿದ್ದೇವೆ. ತರುಣ ಸಂಗಾತಿ ತಪ್ಪದೆ ಬರಲಿ, ಉತ್ತರ ಹೇಳಲಿ. ಈ ಸಲ ಚರ್ಚೆಯನ್ನು ಊಟಕ್ಕೆ ಮುಂಚೆಯೇ ಮುಗಿಸೋಣ. ಶಿಬಿರಕ್ಕೆ ಬರುವವರು ಹೆಂಡತಿಯರನ್ನೂ ಕರೆತರಬಹುದು. ಮಕ್ಕಳನ್ನು ನೋಡಿಕೊಳ್ಳಲು ಕಚೇರಿಯ ಹಿಂದಿನ ಕೋಣೆ ಖಾಲಿ ಮಾಡಿಸಿದೆ.